ಬಾರದ ಕಾರಿನ ಕೋಣೆ

ಬೆಂಗಳೂರಿನ ಚರಿತ್ರೆ ಬರೆಯುವವರು ಕೆಂಪೇಗೌಡರ ಕೋಟೆಯಿಂದಲೋ ಬ್ರಿಟಿಷರ ದಂಡಿನಿಂದಲೋ ಶುರು ಮಾಡುವುದು ವಾಡಿಕೆ. ಅಷ್ಟು ದೊಡ್ಡ ಜಾಗದ ಮೇಲೆ ನನಗೆ ಹಕ್ಕಿಲ್ಲ. ನನಗೆ ಚೆನ್ನಾಗಿ ಗೊತ್ತಿರುವುದು 8 ಅಡಿ ಅಗಲ, 16 ಅಡಿ ಉದ್ದದ ಒಂದು ಜಾಗ ಮಾತ್ರ. ತುಮಕೂರು ರಸ್ತೆಯ ಪಕ್ಕ, ನಾಗಸಂದ್ರದ ಹತ್ತಿರ, ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ 1980ರಲ್ಲಿ ಅಪ್ಪ ಕಟ್ಟಿಸಿದ ಮನೆಯ ಬಲಪಕ್ಕಕ್ಕೆ ಅದು ಅಂಟಿಕೊಂಡಿದೆ. ನಕಾಶೆಯಲ್ಲಿ ಅದರ ಹೆಸರು ಗ್ಯಾರೇಜು. ಅಮ್ಮನ ಬಾಯಲ್ಲಿ ಷೆಡ್ಡು. ಅದರಲ್ಲಿ ಮಲಗಿದವರೆಲ್ಲರ ಬಾಯಲ್ಲಿ ರೂಮು. ಕಳೆದ 40 ವರ್ಷಗಳಲ್ಲಿ ಅಲ್ಲಿ ಏನೇನು ನಿಂತಿತು, ಯಾರ್ಯಾರು ಮಲಗಿದರು ಎಂದು ಲೆಕ್ಕ ಹಾಕುತ್ತ ಕೂತರೆ ನಮ್ಮ ಕಡೆಯ ಬೆಂಗಳೂರು ಹೇಗೆ ಬೆಳೆಯಿತೆಂಬುದೂ ಅದರ ಜೊತೆಗೇ ಎದ್ದು ಬರುತ್ತದೆ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಆ ಗ್ಯಾರೇಜಿನೊಳಗೆ ಇವತ್ತಿನವರೆಗೆ ಒಂದು ಕಾರೂ ನಿಂತಿಲ್ಲ.

ಕಾರಿಲ್ಲದವನು ಗ್ಯಾರೇಜು ಯಾಕೆ ಕಟ್ಟಿಸಬೇಕು? ಅಪ್ಪ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಮೆಷಿನಿಸ್ಟ್ ಆಗಿದ್ದರು. ಓಡಾಟಕ್ಕೆ ಕಾರ್ಖಾನೆಯ ಬಸ್ಸು, ಅದು ತಪ್ಪಿದರೆ ಸೈಕಲ್ಲು. ಆ ಕಾಲಕ್ಕೆ ಕಾರೆಂದರೆ ಅಂಬಾಸಿಡರ್ ಇಲ್ಲವೇ ಫಿಯೆಟ್. ಎರಡನ್ನೂ ಬೀದಿಯಲ್ಲಿ ನೋಡಬಹುದಿತ್ತೇ ಹೊರತು ಕೊಳ್ಳುವ ಮಾತಿರಲಿಲ್ಲ. ಬಜಾಜ್ ಸ್ಕೂಟರಿಗೇ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಮದುವೆಗೆ ಮೊದಲು ಬರೆಸಿದ ಸ್ಕೂಟರು ಮಗು ಸ್ಕೂಲಿಗೆ ಸೇರುವ ಹೊತ್ತಿಗೆ ಬಂತು ಎಂದು ಹೇಳಿಕೊಳ್ಳುವವರು ನಮ್ಮ ಬೀದಿಯಲ್ಲೇ ಇದ್ದರು. ಮನೆಯ ನಕಾಶೆ ಬರೆದ ಡ್ರಾಫ್ಟ್ಸ್‌ಮನ್ ಜಯನಗರದ ಯಾವುದೋ ಮನೆಗೆ ಹಾಕಿದ್ದ ಪ್ಲಾನನ್ನೇ ಕುಗ್ಗಿಸಿ ನಮ್ಮ 30–40 ಸೈಟಿಗೆ ಕೂರಿಸಿದ್ದ. ಅದರ ಜೊತೆ ಗ್ಯಾರೇಜೂ ಬಂತು. ಅಮ್ಮ ಅದನ್ನು ತೆಗೆಸಿ ಅಡಿಗೆಮನೆ ದೊಡ್ಡದು ಮಾಡಿಸಿ ಎಂದಳಂತೆ. ಅಪ್ಪ ಒಪ್ಪಲಿಲ್ಲ. ಆಗ ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ತೋರಿಸಿ, "ಕಾರು ನನಗಲ್ಲ ಕಣೇ, ಇವನಿಗೆ," ಎಂದರಂತೆ. ಮೂರು ವರ್ಷದ ಮೇಲೆ, 1983ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿ ಮೊದಲ ಮಾರುತಿಯ ಬೀಗದ ಕೈ ಕೊಡುತ್ತಿದ್ದ ಚಿತ್ರ ಪೇಪರಿನಲ್ಲಿ ಬಂದಾಗ ಅಪ್ಪ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ನಾನು ಮೇಷ್ಟ್ರಾದೆ. ಸೈಕಲ್ಲಿನಿಂದ ಮೊಪೆಡ್ಡಿಗೆ, ಅಲ್ಲಿಂದ ಸ್ಕೂಟರಿಗೆ ಏರಿದೆ. ನನ್ನ ಏಳಿಗೆ ಅಲ್ಲಿಗೇ ನಿಂತಿತು.

ಗ್ಯಾರೇಜಿನ ಮೊದಲ ನಿವಾಸಿ ವಾಚ್‌ಮನ್. ಮನೆ ಕಟ್ಟುವಾಗ ಸಿಮೆಂಟ್ ಮೂಟೆ ಕಾಯಲು ಅಲ್ಲೇ ಮಲಗುತ್ತಿದ್ದ. ಆಗ ಸಿಮೆಂಟಿಗೂ ಪರ್ಮಿಟ್ ಇತ್ತು, ಕಳ್ಳರೂ ಇದ್ದರು. ಎರಡನೆಯದು ಒಂದು ಲೇತ್.

ಲೇತಿನ ವಿಷಯಕ್ಕೆ ಬರುವ ಮೊದಲು ನಮ್ಮ ಕಡೆ ಷೆಡ್ಡು ಎಂಬ ಮಾತಿಗೆ ಇರುವ ಗೌರವವನ್ನು ಹೇಳಬೇಕು. ಬೇರೆಡೆ ಷೆಡ್ಡೆಂದರೆ ಮನೆಗಿಂತ ಕಡಿಮೆ. ಪೀಣ್ಯದಲ್ಲಿ ಹಾಗಲ್ಲ. "ಅವನಿಗೆ ಷೆಡ್ ಆಯ್ತಂತೆ," ಎಂದರೆ ಅವನು ಯಜಮಾನನಾದ ಎಂದರ್ಥ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., ಅದರ ಮರುವರ್ಷ ಬಿ.ಇ.ಎಲ್. ಬಂದವು. ಎರಡು ದಶಕ ಅಲ್ಲಿ ಕೈ ಪಳಗಿಸಿಕೊಂಡ ಕೆಲಸಗಾರರಲ್ಲಿ ಧೈರ್ಯಸ್ಥರು ಹೊರಗೆ ಬಂದು ಸ್ವಂತ ಕಸುಬು ಶುರು ಮಾಡಿದರು. ಅಂಥವರಿಗೆಂದೇ ಸರ್ಕಾರದ ನಿಗಮಗಳು ಪೀಣ್ಯದಲ್ಲಿ ಸಾಲಾಗಿ ಷೆಡ್ಡುಗಳನ್ನು ಕಟ್ಟಿ ಹಂಚಿದವು. 1978ರಲ್ಲಿ ಅವರದೇ ಒಂದು ಸಂಘವೂ ಆಯಿತು. ಏಷ್ಯಾದಲ್ಲೇ ದೊಡ್ಡ ಕೈಗಾರಿಕಾ ಪ್ರದೇಶ ಎಂದು ನಮ್ಮವರು ಈಗಲೂ ಹೇಳಿಕೊಳ್ಳುತ್ತಾರೆ. ಏಷ್ಯಾವನ್ನು ಅಳೆದವರು ಯಾರೋ, ನಾನು ಕೇಳಲು ಹೋಗಿಲ್ಲ.

ಆ ಷೆಡ್ಡುಗಳಿಂದ ಬಂದ ವಸ್ತುಗಳಲ್ಲಿ ಒಂದರ ಚಿತ್ರವನ್ನು ನೀವೆಲ್ಲ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೀರಿ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಆರ್ಯಭಟ ಉಪಗ್ರಹ. 360 ಕಿಲೋ ತೂಕದ ಆ ಉಪಗ್ರಹ ತಯಾರಾದದ್ದು ಪೀಣ್ಯದ ಆಸ್‌ಬೆಸ್ಟಾಸ್ ಚಾವಣಿಯ ಷೆಡ್ಡುಗಳಲ್ಲಿ. ಉಡುಪಿಯ ಹತ್ತಿರದ ಅದಮಾರಿನವರಾದ ಯು.ಆರ್. ರಾಯರು 1972ರಿಂದ ಹುಡುಗರ ಗುಂಪೊಂದನ್ನು ಕಟ್ಟಿಕೊಂಡು ಅಲ್ಲಿ ಕೆಲಸ ಮಾಡಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೇಲೆ ಅದು ಹಾರಿತು. ಅದು ಕಳಿಸುವ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನಲ್ಲಿ ಕೋಣೆ ಸಾಲದೆ ಒಂದು ಕಕ್ಕಸನ್ನೇ ಖಾಲಿ ಮಾಡಿಸಿ ಉಪಕರಣ ಕೂರಿಸಿದ್ದೆವು ಎಂದು ರಾಯರು ಆಮೇಲೆ ನಗುತ್ತ ಹೇಳಿಕೊಂಡಿದ್ದಾರೆ. ಈ ಸಂಗತಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ನಮ್ಮ ಕಡೆ ಯಾವ ಜಾಗವೂ ತಾನು ಹುಟ್ಟಿದ ಕೆಲಸದಲ್ಲೇ ಸಾಯುವುದಿಲ್ಲ. ಯಂತ್ರಕ್ಕೆ ಬೇಕಾದರೆ ಮನುಷ್ಯ ಎದ್ದುಕೊಡುತ್ತಾನೆ, ಮನುಷ್ಯನಿಗೆ ಬೇಕಾದರೆ ಯಂತ್ರ ಜರುಗುತ್ತದೆ.

ಸರಿ, ಲೇತು. ನನ್ನ ಸೋದರಮಾವ ಕಾರ್ಖಾನೆ ಬಿಟ್ಟು ಜಾಬ್ ವರ್ಕ್ ಹಿಡಿದ. ಪೀಣ್ಯದಲ್ಲಿ ಷೆಡ್ಡು ಸಿಗುವವರೆಗೆ ಎಂದು 1982ರಲ್ಲಿ ಹಳೆಯ ಲೇತೊಂದನ್ನು ತಂದು, "ಭಾವ, ನಿಮ್ಮ ಕಾರು ಬರೋವರೆಗೆ," ಎನ್ನುತ್ತ ನಮ್ಮ ಗ್ಯಾರೇಜಿನಲ್ಲಿ ಇಳಿಸಿದ. ನೆಲ ಅಗೆದು, ಕಾಂಕ್ರೀಟು ಹಾಕಿ, ನಾಲ್ಕು ಬೋಲ್ಟು ಹೂತು ಅದನ್ನು ಕೂರಿಸಿದರು. ಕಾರ್ಖಾನೆಯಿಂದ ಬಂದ ಅಪ್ಪ ಕಾಫಿ ಕುಡಿದವರೇ ಷೆಡ್ಡಿಗೆ ಹೋಗಿ ಇನ್ನೆರಡು ಗಂಟೆ ಮಾವನ ಜೊತೆ ನಿಲ್ಲುತ್ತಿದ್ದರು. ಮೋಟರು ಶುರುವಾದರೆ ದೇವರ ಮನೆಯ ಗಂಟೆ ತಾನಾಗಿ ಅಲುಗುತ್ತಿತ್ತು. ಕಬ್ಬಿಣದ ಸುರುಳಿ ಸಿಪ್ಪೆ ಅಮ್ಮನ ರಂಗೋಲಿಯವರೆಗೆ ಬಂದು ಬೀಳುತ್ತಿತ್ತು. ಕೂಲೆಂಟಿನ ಹಾಲುಬಣ್ಣದ ನೀರು ಇಳಿಜಾರು ನೆಲದಲ್ಲಿ ಹರಿದು ಗೇಟಿನಾಚೆಯ ಚರಂಡಿ ಸೇರುತ್ತಿತ್ತು. ಲೇತಿನ ಪಕ್ಕ ಗೋಣಿಚೀಲ ಹಾಸಿಕೊಂಡು ಮಾವನ ಹೆಲ್ಪರ್ ಹುಡುಗ ಮಲಗುತ್ತಿದ್ದ. ನಾಲ್ಕು ವರ್ಷದ ಮೇಲೆ ಮಾವನಿಗೆ ಷೆಡ್ ಆಯಿತು, ಲೇತು ಹೋಯಿತು. ಬೋಲ್ಟುಗಳು ಮಾತ್ರ ಕೀಳಲು ಬರಲಿಲ್ಲ.

ಆಮೇಲಿನ ಹತ್ತು ವರ್ಷ ಅದು ಊರ ಹುಡುಗರ ರೂಮು. ನಮ್ಮದು ಗುಬ್ಬಿ ಕಡೆಯ ಹಳ್ಳಿ. ಅಲ್ಲಿ ಮಳೆ ಕೈಕೊಟ್ಟ ವರ್ಷ ಇಲ್ಲಿ ಷೆಡ್ಡಿನಲ್ಲಿ ಚಾಪೆಗಳು ಹೆಚ್ಚುತ್ತಿದ್ದವು. ಚಿಕ್ಕಪ್ಪನ ಮಗ, ಅವನ ಭಾಮೈದ, ಅವನ ಸ್ನೇಹಿತ, ಹೀಗೆ ನಾಲ್ವರು ಪೀಣ್ಯದ ಮೂರು ಪಾಳಿಗಳಲ್ಲಿ ದುಡಿಯುತ್ತಿದ್ದರು. ಹಾಸಿಗೆ ಎರಡೇ. ರಾತ್ರಿ ಪಾಳಿ ಮುಗಿಸಿ ಬಂದವನು ಬೆಳಗಿನ ಪಾಳಿಗೆ ಎದ್ದು ಹೋದವನ ಹಾಸಿಗೆಯ ಬಿಸಿಯಲ್ಲೇ ಮಲಗುತ್ತಿದ್ದ. ಹಗಲಿಡೀ ಒಬ್ಬನಾದರೂ ನಿದ್ದೆ ಮಾಡುತ್ತಿರುತ್ತಿದ್ದುದರಿಂದ ಹಗಲಿನಲ್ಲಿ ಆ ಕಡೆ ಗಟ್ಟಿಯಾಗಿ ಮಾತಾಡಬಾರದೆಂಬುದು ಮನೆಯ ಕಟ್ಟಳೆಯಾಗಿತ್ತು. ಕಬ್ಬಿಣದ ರೋಲಿಂಗ್ ಷಟರು, ಮೇಲೆ ಆಸ್‌ಬೆಸ್ಟಾಸ್ ಷೀಟು, ಪಕ್ಕಕ್ಕೆ ನಾಲ್ಕೂವರೆ ಇಂಚಿನ ಗೋಡೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಹೇಗೆ ಮಲಗುತ್ತಿದ್ದರೋ! ಅವರು ಹೋದ ಮೇಲೆ ಗಾರ್ಮೆಂಟ್ಸ್ ಕಾರ್ಖಾನೆಯ ಇಬ್ಬರು ಹೆಣ್ಣುಮಕ್ಕಳು ಎರಡು ವರ್ಷ ಬಾಡಿಗೆಗಿದ್ದರು. ಒಳಗಿನಿಂದ ಷಟರಿಗೆ ಹಾಕಲು ಅವರು ತಂದ ಬೀಗ ಈಗಲೂ ನಮ್ಮಲ್ಲಿದೆ.

ಗ್ಯಾರೇಜು ಎಂದ ಕೂಡಲೇ ಓದಿದವರು ಅಮೆರಿಕದ ಮಾತು ತೆಗೆಯುತ್ತಾರೆ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನ ಅಡಿಸನ್ ಅವೆನ್ಯೂದಲ್ಲಿ 12 ಅಡಿ ಅಗಲ, 18 ಅಡಿ ಉದ್ದದ ಗ್ಯಾರೇಜೊಂದಿದೆ. 1938–39ರಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ಹುಡುಗರು ಅದರಲ್ಲಿ ಕೆಲಸ ಶುರು ಮಾಡಿದರು. 1989ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಸಿಲಿಕಾನ್ ವ್ಯಾಲಿಯ ಜನ್ಮಸ್ಥಳ ಎಂದು ಫಲಕ ಹಾಕಿತು. 2000ದಲ್ಲಿ ಕಂಪನಿಯೇ ಆ ಮನೆಯನ್ನು ಕೊಂಡುಕೊಂಡಿತು. ಈ ಕಥೆ ಎಲ್ಲರಿಗೂ ಗೊತ್ತು. ಅದರ ಬಾಲ ಅಷ್ಟಾಗಿ ಗೊತ್ತಿಲ್ಲ. ಮದುವೆಯಾಗಿದ್ದ ಪ್ಯಾಕರ್ಡ್ ಮನೆಯೊಳಗೆ ಹೆಂಡತಿಯ ಜೊತೆ ಇದ್ದರೆ, ಒಂಟಿಯಾಗಿದ್ದ ಹ್ಯೂಲೆಟ್ ಅದೇ ಹಿತ್ತಲಿನ ಇನ್ನೊಂದು ಸಣ್ಣ ಷೆಡ್ಡಿನಲ್ಲಿ ಮಲಗುತ್ತಿದ್ದ. ನಮ್ಮ ಮಾವನ ಹೆಲ್ಪರ್ ಹುಡುಗನನ್ನು ಕಂಡಿದ್ದ ನನಗೆ ಹ್ಯೂಲೆಟ್ಟಿನ ಷೆಡ್ಡೇ ಗ್ಯಾರೇಜಿಗಿಂತ ಹತ್ತಿರದ್ದು ಎನಿಸಿತು. ಆದರೆ ಫಲಕ ಹಾಕುವವರು ಕೆಲಸದ ಜಾಗಕ್ಕೆ ಹಾಕುತ್ತಾರೆ, ನಿದ್ದೆಯ ಜಾಗಕ್ಕಲ್ಲ.

ಆ ಸಿಲಿಕಾನ್ ವ್ಯಾಲಿಯ ಕನಸನ್ನು ಬೆಂಗಳೂರಿಗೆ ತಂದವರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಮುಖ್ಯರು. 1978ರ ಸುಮಾರಿಗೆ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಎಂದು ಗೆರೆ ಎಳೆದಾಗ ಅಷ್ಟು ದೂರ ಯಾರು ಹೋಗುತ್ತಾರೆ ಎಂದವರೇ ಹೆಚ್ಚು. 1994ರಲ್ಲಿ ಇನ್ಫೋಸಿಸ್ ಅಲ್ಲಿಗೆ ಹೋದ ಮೇಲೆ ಮಾತು ಬದಲಾಯಿತು. ಅದೇ ದಶಕದಲ್ಲಿ ಪೂರ್ವದ ಕಡೆ ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕು ಎದ್ದಿತು. ಉತ್ತರದಲ್ಲಿ ಕಬ್ಬಿಣ ಕೊರೆಯುವ ನಮ್ಮ ಪೀಣ್ಯ, ದಕ್ಷಿಣಕ್ಕೂ ಪೂರ್ವಕ್ಕೂ ಕಂಪ್ಯೂಟರಿನ ಈ ಎರಡು ಊರು. ಮೂರೂ ಕಡೆ ಕೆಲಸಕ್ಕೆ ಮೊದಲು ಜಾಗ ಗುರುತಾಯಿತು. ಕೆಲಸ ಮಾಡುವವರು ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಯನ್ನು ಸುತ್ತಲ ಹಳ್ಳಿಗಳಿಗೆ, ರೆವೆನ್ಯೂ ಸೈಟುಗಳಿಗೆ, ನಮ್ಮಂಥವರ ಷೆಡ್ಡುಗಳಿಗೆ ಬಿಟ್ಟರು.

ವೈಟ್‌ಫೀಲ್ಡಿನ ಮೂಲ ಇದಕ್ಕೆ ಪೂರ್ತಿ ತಿರುಗುಮುರುಗು. 1882ರಲ್ಲಿ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ವೈಟ್ ಅವರ ಹೆಸರೇ ಊರಿಗೆ ಬಂತು. ನಡುವೆ ದುಂಡನೆಯ ಬಯಲು, ಅದರ ಸುತ್ತ ಹೆಂಚಿನ ಮನೆಗಳು, ಮನೆಗೊಂದು ಹಣ್ಣಿನ ತೋಟ. ಅಲ್ಲಿ ಮೊದಲು ಗುರುತಾದದ್ದು ಮನೆಯ ಜಾಗ, ಕೆಲಸವೇ ಇರಲಿಲ್ಲ. ಕೆಲಸವಿಲ್ಲದೆ ಊರು ಸೊರಗಿತು, ಮಕ್ಕಳು ರೈಲ್ವೆಗೋ ಕೋಲಾರದ ಚಿನ್ನದ ಗಣಿಗೋ ಪರದೇಶಕ್ಕೋ ಹೋದರು. ನೂರು ವರ್ಷದ ಮೇಲೆ ಕೆಲಸ ಬಂತು, ತೋಟಗಳು ಹೋದವು.

ಇನ್ನು ನಮ್ಮ ಷೆಡ್ಡು ನಿಜವಾಗಿ ಕೋಣೆಯಾದ ಕಥೆ.

2003ರ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗಾಲು, ಎಡಗೈ ಸ್ವಾಧೀನ ತಪ್ಪಿದವು. ಅವರ ಕೋಣೆ ಇದ್ದದ್ದು ಮಹಡಿಯಲ್ಲಿ. ಕೆಳಗಿನ ಒಂದೇ ಕೋಣೆಯಲ್ಲಿ ವಿಧವೆಯಾದ ಅತ್ತೆಯೂ ನನ್ನ ಮಗಳೂ ಇದ್ದರು. ಹಾಲಿನಲ್ಲಿ ಮಂಚ ಹಾಕಿದರೆ ಬಂದವರೆದುರೆಲ್ಲ ಬೆಡ್‌ಪ್ಯಾನ್ ಇಡಬೇಕು. ಅದಕ್ಕಿಂತ ಸಾವು ವಾಸಿ ಎನ್ನುವ ಮನುಷ್ಯ ಅವರು. ಉಳಿದದ್ದು ಷೆಡ್ಡು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಮೆಲ್ಲಗೆ ವಿಷಯ ಎತ್ತಿದೆ. ಮಾತು ಇನ್ನೂ ತೊದಲುತ್ತಿತ್ತು. ಆದರೂ ಅಂದದ್ದು ಸ್ಪಷ್ಟವಾಗಿ ಕೇಳಿಸಿತು: "ನನ್ನ ಕೊಟ್ಟಿಗೆಗೆ ಹಾಕ್ತೀಯೇನೋ?"

ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಅಪ್ಪ ಆಡಿದ ಮಾತಿನ ಭಾರ ತಿಳಿಯಬೇಕಾದರೆ ನಮ್ಮ ಹಳ್ಳಿಯ ಮನೆಯನ್ನು ನೋಡಿರಬೇಕು. ಬಯಲುಸೀಮೆಯ ಹಳೆಯ ಮನೆಗಳಲ್ಲಿ ದನಕ್ಕೂ ಜನಕ್ಕೂ ಒಂದೇ ಬಾಗಿಲು. ಬಾಗಿಲು ದಾಟಿದ ಕೂಡಲೇ ಸಿಗುವುದು ಕೊಟ್ಟಿಗೆ. ಗಂಜಲ ಹರಿದುಹೋಗಲೆಂದು ಅದರ ನೆಲ ಒಂದು ಪಕ್ಕಕ್ಕೆ ಇಳಿಜಾರು. ಅಲ್ಲಿಂದ ಮೇಲಕ್ಕೆ ಒಂದು ಮೆಟ್ಟಿಲು ಏರಿದರೆ ನಡುಮನೆ, ಅದರಾಚೆ ಅಡಿಗೆ, ದೇವರು. ಎತ್ತುಗಳನ್ನು ಮನೆಯ ಮಕ್ಕಳ ಹಾಗೆ ನೋಡಿಕೊಂಡರೂ ಆ ಒಂದು ಮೆಟ್ಟಿಲಿನ ಲೆಕ್ಕ ಯಾರೂ ಮರೆಯುತ್ತಿರಲಿಲ್ಲ. ಮುಟ್ಟಾದ ಹೆಂಗಸರು, ಸಂಬಳದ ಆಳು, ವಾಸಿಯಾಗದ ರೋಗ ಹಿಡಿದವರು ಮಲಗುತ್ತಿದ್ದದ್ದು ಮೆಟ್ಟಿಲ ಕೆಳಗೆ. ಅಪ್ಪನ ಅಜ್ಜಿ ಕೊನೆಯ ಆರು ತಿಂಗಳು ಅಲ್ಲೇ ಇದ್ದಳಂತೆ. ಬಾಗಿಲು ಹತ್ತಿರ, ಚಳಿಗೆ ದನಗಳ ಬಿಸಿ, ತೊಳೆಯಲು ಅನುಕೂಲ ಎಂದು ಕಾರಣ ಹೇಳುತ್ತಿದ್ದರಂತೆ. ಕಾರಣಗಳೆಲ್ಲ ನಿಜವೇ. ನಾನು ಷೆಡ್ಡಿನ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇವನ್ನೇ.

ಯೋಚಿಸಿ ನೋಡಿದರೆ ಗ್ಯಾರೇಜನ್ನು ಕಟ್ಟುವುದೂ ಕೊಟ್ಟಿಗೆಯ ಕ್ರಮದಲ್ಲೇ. ಮನೆಯ ನೆಲಕ್ಕಿಂತ ಅದು ತಗ್ಗು; ನಮ್ಮದು 9 ಇಂಚು ತಗ್ಗಿತ್ತು. ತೊಳೆದ ನೀರು ಹೊರಗೆ ಹೋಗಲೆಂದು ಗೇಟಿನ ಕಡೆಗೆ ಇಳಿಜಾರು. ಕಿಟಕಿಯಿಲ್ಲ. ಚಾವಣಿ ಗಿಡ್ಡ. ದೇಶದ ಕಟ್ಟಡ ಸಂಹಿತೆಯಲ್ಲಿ ಕೂಡ ಮನುಷ್ಯರಿರುವ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಹೇಳಿ ಗ್ಯಾರೇಜಿಗೆ 2.4 ಸಾಕು ಎಂದಿದ್ದಾರೆ. ಒಂದಡಿಗಿಂತ ಸ್ವಲ್ಪ ಹೆಚ್ಚು ಗಾಳಿಯ ವ್ಯತ್ಯಾಸ. ಕಾರಿಗೆ ಸೆಕೆಯಾಗುವುದಿಲ್ಲವಲ್ಲ!

ಹೀಗಾಗಿ ಮೇಸ್ತ್ರಿಯನ್ನು ಕರೆಸಿದಾಗ ನಾನು ಒಂದೇ ಮಾತು ಹೇಳಿದೆ: ಮೆಟ್ಟಿಲು ಇರಕೂಡದು. ಹಾಲಿನ ನೆಲ ಎಲ್ಲಿದೆಯೋ ಈ ಕೋಣೆಯ ನೆಲವೂ ಅಲ್ಲಿಗೇ ಬರಬೇಕು. ಮೇಸ್ತ್ರಿ ತಲೆ ಕೆರೆದುಕೊಂಡ. "ಸಾರ್, 9 ಇಂಚು ಏರಿಸಿದ್ರೆ ಷೀಟು ತಲೆಗೆ ಬಡಿಯುತ್ತೆ. ಮೇಲ್ಗಡೆದೂ ತೆಗೀಬೇಕು." "ತೆಗೀರಿ." ಆಸ್‌ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಕೇಡೆಂಬುದು ಪೇಪರಿನಲ್ಲಿ ಬರುತ್ತಿದ್ದ ಕಾಲವೇ, ಆದರೆ ಷೀಟು ಇಳಿಸಿದ ಹುಡುಗರು ಮೂಗಿಗೆ ಒಂದು ಕರ್ಚೀಫೂ ಕಟ್ಟಲಿಲ್ಲ. ಅವನ್ನು ಬೇಡವೆಂದರೂ ಬಿಡದೆ ಯಾರೋ ಕೋಳಿಗೂಡಿಗೆ ಎಂದು ಹೊತ್ತುಕೊಂಡು ಹೋದರು. ಹಾಲಿನ ತಾರಸಿಯ ಮಟ್ಟಕ್ಕೆ ಹೊಸ ಮೋಲ್ಡು ಹಾಕಿದೆವು. ಷಟರು ಕಿತ್ತು ಆ ಜಾಗದಲ್ಲಿ 9 ಇಂಚಿನ ಗೋಡೆ, ಅದರಲ್ಲಿ ನಾಲ್ಕಡಿಯ ಕಿಟಕಿ, ಮೇಲೊಂದು ಸಜ್ಜಾ. ಹಿಂದಿನ ನಾಲ್ಕಡಿಯಲ್ಲಿ ಕಕ್ಕಸು, ಬಚ್ಚಲು. ಪೀಣ್ಯದಲ್ಲಿ ಕಕ್ಕಸು ಉಪಕರಣಕ್ಕೆ ಜಾಗ ಬಿಟ್ಟಿತ್ತು. ನಮ್ಮಲ್ಲಿ ಯಂತ್ರವಿದ್ದ ಜಾಗ ಕಕ್ಕಸಿಗೆ ಹೋಯಿತು.

ನೆಲ ಅಗೆದಾಗ ಎರಡು ತೊಡಕು ಬಂದವು. ಒಂದು, ಲೇತಿನ ಬೋಲ್ಟುಗಳು. ಕಟ್ಟರಿಗೂ ಬಗ್ಗಲಿಲ್ಲ, ಹಾಗೇ ಮಣ್ಣು ಮುಚ್ಚಿದೆವು. ಹದಿನೇಳು ವರ್ಷದ ಹಿಂದೆ ಕಾಂಕ್ರೀಟು ಕುಡಿದಿದ್ದ ಕೂಲೆಂಟಿನ ವಾಸನೆ ಗುದ್ದಲಿ ಬಿದ್ದ ಕೂಡಲೇ ಎದ್ದು ಮನೆಯೆಲ್ಲ ತುಂಬಿತು. ಹಾಲಿನಲ್ಲಿ ಮಲಗಿದ್ದ ಅಪ್ಪ ಮೂಗರಳಿಸಿ, ಆ ಮೂರು ವಾರದಲ್ಲಿ ಮೊದಲ ಸಲ, ನಕ್ಕರು. ಮೂವತ್ತೈದು ವರ್ಷ ಅವರ ಅಂಗಿಯಲ್ಲಿದ್ದ ವಾಸನೆ ಅದು.

ಇನ್ನೊಂದು ಸಂಪು. ಬೆಂಗಳೂರಿನ ಮನೆಗಳಲ್ಲಿ ನೀರಿನ ಸಂಪು ಇರುವುದು ಸಾಮಾನ್ಯವಾಗಿ ಕಾರು ನಿಲ್ಲುವ ಜಾಗದ ಕೆಳಗೆ. ಮನೆಯೊಳಗೆ ಮಾಡುವಂತಿಲ್ಲ, ಹೊರಗೆ ಬೇರೆ ಜಾಗವಿಲ್ಲ. ಗ್ಯಾರೇಜನ್ನು ಕೋಣೆ ಮಾಡಿದವರೆಲ್ಲರ ಮಂಚದಡಿಯಲ್ಲಿ ಹೀಗಾಗಿ ಒಂದು ಬಾವಿ ಇರುತ್ತದೆ. ನಮ್ಮ ಮೇಸ್ತ್ರಿ ಬಾಯನ್ನು ಗೋಡೆಯಾಚೆಗೆ, ಗೇಟಿನ ಕಡೆಗೆ ತೆಗೆದು, ಒಳಗಿನ ಮುಚ್ಚಳವನ್ನು ಚಪ್ಪಡಿ ಹಾಕಿ ಮುಚ್ಚಿದ. ನೀರು ಮಾತ್ರ ಒಳಗೇ ಉಳಿಯಿತು.

ಹಾಲಿನಿಂದ ಕೋಣೆಗೆ ಬಾಗಿಲು ಒಡೆದಾಗ ಹೊಸಲಿನ ಜಗಳ ಹುಟ್ಟಿತು. ವಾಕರ್ ಹಿಡಿದು ನಡೆಯುವವರಿಗೆ ಎರಡು ಇಂಚಿನ ಹೊಸಲೂ ಬೆಟ್ಟ. ಹೊಸಲಿಲ್ಲದ ಬಾಗಿಲಿನ ಕೋಣೆಯಲ್ಲಿ ನನ್ನ ಗಂಡ ಮಲಗುವುದು ಬೇಡ ಎಂದು ಅಮ್ಮ ಹಟ ಹಿಡಿದಳು. ಬಡಗಿ ಒಂದು ದಾರಿ ಕಂಡುಹಿಡಿದ. ಹೊನ್ನೆಮರದ ಪಟ್ಟಿಯೊಂದನ್ನು ನೆಲದೊಳಕ್ಕೆ ಇಳಿಸಿ ನೆಲಸಮವಾಗಿ ಕೂರಿಸಿದ. ನೋಡಿದರೆ ಹೊಸಲು, ನಡೆದರೆ ಇಲ್ಲ. ಅಮ್ಮ ಅದಕ್ಕೆ ಅರಿಶಿನ ಹಚ್ಚಿ ಕುಂಕುಮ ಇಟ್ಟಳು. ಕೆಲಸ ಮುಗಿದ ದಿನ ಮೇಸ್ತ್ರಿ ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿ ಒಂದು ತುದಿ ಹಾಲಿನಲ್ಲಿ, ಒಂದು ತುದಿ ಕೋಣೆಯಲ್ಲಿ ಹಿಡಿಸಿದ. ಅಪ್ಪ ಮಟ್ಟ ನೋಡಬೇಕೆಂದರು. ಸಾವಿರದಲ್ಲೊಂದು ಇಂಚಿನ ಲೆಕ್ಕದಲ್ಲಿ ಬದುಕಿದ ಮನುಷ್ಯ. ಕುರ್ಚಿಯಲ್ಲಿ ಕೂತು ಎರಡೂ ಕಡೆಯ ನೀರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈ ಎತ್ತಿ, ಸರಿ, ಎಂದರು. ಅವತ್ತು ರಾತ್ರಿಯಿಂದ ಅಲ್ಲೇ ಮಲಗಿದರು. ಕೊಟ್ಟಿಗೆಯ ಮಾತು ಮತ್ತೆ ಬರಲಿಲ್ಲ.

ಇದಕ್ಕೆ ಯಾರ ಅಪ್ಪಣೆ ಪಡೆದಿರಿ ಎಂದು ಕೇಳಬಹುದು. ಪಡೆಯಲಿಲ್ಲ. ನಮ್ಮದು ರೆವೆನ್ಯೂ ಸೈಟು. ಮನೆ ಕಟ್ಟಿದಾಗ ಗ್ರಾಮ ಪಂಚಾಯಿತಿ, ಆಮೇಲೆ ದಾಸರಹಳ್ಳಿ ನಗರಸಭೆ, 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಮಹಾನಗರ ಪಾಲಿಕೆ ಮಾಡಿದಾಗ ಅದರ ಪಾಲು. ಯಾರ ಕಾಲದಲ್ಲಿ ಯಾವ ಗೋಡೆ ಎದ್ದಿತೆಂದು ಹೇಳುವುದೇ ಕಷ್ಟ. ಅದೇ 2007ರಲ್ಲಿ ಅಕ್ರಮ-ಸಕ್ರಮದ ಕಾನೂನು ಬಂತು. ದಂಡ ಕಟ್ಟಿದರೆ ಇಂಥ ಮನೆಗಳೆಲ್ಲ ಸಕ್ರಮ ಎಂದರು. ಅದು ಕೋರ್ಟಿಗೆ ಹೋಯಿತು. 2016ರ ಕೊನೆಗೆ ಹೈಕೋರ್ಟು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಸೆಟ್‌ಬ್ಯಾಕ್ ಬಿಡದೆ, ಗಾಳಿ ಬೆಳಕಿಲ್ಲದೆ ಕಟ್ಟಿದ ಮನೆಗಳ ಪರ ನಾನು ವಾದಿಸುವುದಿಲ್ಲ. ಬೆಂಕಿ ಬಿದ್ದರೆ ಎಂಜಿನ್ ಹೋಗಲಾಗದ ಬೀದಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ನಕಾಶೆಯಲ್ಲಿ ಕಾರಿಗೆ ಮೀಸಲಾದ ಜಾಗದಲ್ಲಿ ಲಕ್ವ ಹೊಡೆದ ಮುದುಕನೊಬ್ಬ ಮಲಗಿದರೆ ಅದಕ್ಕೂ ಅಕ್ರಮವೆಂದೇ ಹೆಸರಾದಾಗ, ಆ ಹೆಸರು ಇಟ್ಟವರು ಒಮ್ಮೆ ಬಂದು ಮಟ್ಟ ನೋಡಬೇಕಿತ್ತು ಎನಿಸುತ್ತದೆ.

ಅಪ್ಪ ಎಂಟು ವರ್ಷ ಆ ಕೋಣೆಯಲ್ಲಿ ಬದುಕಿದರು. ಕಿಟಕಿ ಬೀದಿಗೇ ಇದ್ದದ್ದರಿಂದ ಪಾಳಿಗೆ ಹೋಗುವವರೆಲ್ಲ ಮಾತಾಡಿಸಿಕೊಂಡು ಹೋಗುತ್ತಿದ್ದರು. ನಮ್ಮ ಬೀದಿಗೆ ಕಾವೇರಿ ನೀರು ಬಂದ ಮೇಲೆ ಅವರಿಗೊಂದು ಕೆಲಸವೂ ಆಯಿತು. ನೀರು ಬಿಡುತ್ತಿದ್ದದ್ದು ರಾತ್ರಿ, ಯಾವಾಗೆಂದು ನಿಶ್ಚಯವಿಲ್ಲ. ಮಂಚದಡಿಯ ಸಂಪಿಗೆ ಬೀಳುವ ಸದ್ದು ಮೊದಲು ಕೇಳುತ್ತಿದ್ದದ್ದು ಅವರಿಗೆ. ಸದ್ದಿನ ದಪ್ಪ ಕೇಳಿಯೇ ಎಷ್ಟಡಿ ತುಂಬಿತೆಂದು ಹೇಳುತ್ತಿದ್ದರು. ಬೆಳಿಗ್ಗೆ ಕೋಲು ಇಳಿಸಿ ನೋಡಿದರೆ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. 2011ರಲ್ಲಿ ಆ ಕೋಣೆಯಲ್ಲೇ ತೀರಿಕೊಂಡರು. ಅಮ್ಮ ಅಲ್ಲೇ ಇನ್ನೂ ಐದು ವರ್ಷ ಮಲಗಿದಳು.

ಮಗ ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲೇ ಪಿ.ಜಿ.ಯೊಂದರಲ್ಲಿದ್ದ. ನೋಡಲು ಹೋದೆ. ಐದು ಅಂತಸ್ತಿನ ಕಟ್ಟಡ. ನೆಲಮಾಳಿಗೆಯಲ್ಲಿ ಕಾರು ನಿಲ್ಲಬೇಕಾದಲ್ಲಿ ಪ್ಲೈವುಡ್ ಹಲಗೆ ಅಡ್ಡ ಇಟ್ಟು ಕೋಣೆಗಳನ್ನು ಮಾಡಿದ್ದರು, ಕಂಬಗಳ ಮೇಲೆ ಹಳದಿ ಕಪ್ಪು ಪಟ್ಟೆ ಹಾಗೇ ಇತ್ತು. ಒಂದೊಂದರಲ್ಲಿ ಮೂರು ಮಂಚ, ನೆಲ ಗೇಟಿನ ಕಡೆಗೆ ಇಳಿಜಾರು. ಮಂಚದ ಕಾಲಿಗೆ ಹುಡುಗರು ಇಟ್ಟಿಗೆ ಚೂರು ಕೊಟ್ಟಿದ್ದರು. ಕಂಪ್ಯೂಟರಿನವರು ಎಂಬುದೊಂದು ಬಿಟ್ಟರೆ ನಮ್ಮ ಗುಬ್ಬಿಯ ಹುಡುಗರೇ. 2024ರಲ್ಲಿ ಪಾಲಿಕೆ ಪಿ.ಜಿ.ಗಳಿಗೆ ನಿಯಮ ಮಾಡಿ ಒಬ್ಬರಿಗೆ ಕನಿಷ್ಠ 70 ಚದರಡಿ ಎಂದಿತು. ಆ ಲೆಕ್ಕದಲ್ಲಿ 128 ಚದರಡಿಯ ನಮ್ಮ ಷೆಡ್ಡಿನಲ್ಲಿ ಒಬ್ಬ ಮಾತ್ರ ಮಲಗಬಹುದಿತ್ತು. ಗುಬ್ಬಿಯ ನಾಲ್ವರಲ್ಲಿ ಮೂವರನ್ನು ಯಾವ ಬೀದಿಗೆ ಕಳಿಸಬೇಕಿತ್ತು ಎಂಬುದು ನಿಯಮದಲ್ಲಿಲ್ಲ.

ಈಗ ಮಗ ಮನೆಗೇ ಬಂದಿದ್ದಾನೆ. ನಾಗಸಂದ್ರಕ್ಕೆ ಮೆಟ್ರೋ 2015ರಲ್ಲೇ ಬಂತು, 2023ರಲ್ಲಿ ವೈಟ್‌ಫೀಲ್ಡಿಗೂ ಹೋಯಿತು, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ. ಮೂರೂ ತುದಿ ಕೂಡಿದವು, ಹಾಯಾಗಿ ರೈಲಿನಲ್ಲಿ ಹೋಗುತ್ತಾನೆ ಎಂದುಕೊಂಡರೆ ಕಾರು ಕೊಂಡ. ಊರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಅದರಲ್ಲಿ ನಮ್ಮದೂ ಒಂದು. ಅದೂ ಬ್ಯಾಟರಿ ಕಾರು. ರಾತ್ರಿ ಕರೆಂಟು ಕೊಡಬೇಕು. ಹಾಗಾಗಿ ಒಂದು ಭಾನುವಾರ ಟೇಪು ಹಿಡಿದು ಅಜ್ಜನ ಕೋಣೆಗೆ ಬಂದ. ಮುಂದಿನ ಗೋಡೆ ಒಡೆದು, ನೆಲ ಇಳಿಸಿ, ಮತ್ತೆ ಗ್ಯಾರೇಜು ಮಾಡಿದರೆ ಹೇಗೆ ಎಂದು ಕೇಳಿದ. ಅಮ್ಮ ಹೋದ ಮೇಲೆ ಮಂಡಿನೋವಿನ ನಾನು ಅಲ್ಲಿ ಮಲಗುತ್ತಿರುವುದರಿಂದ ಸ್ವಲ್ಪ ಸಂಕೋಚದಿಂದಲೇ ಕೇಳಿದ.

"ಅಳೆದು ನೋಡಪ್ಪ," ಎಂದೆ.

ಅಳೆದ. ಕೋಣೆಯ ಒಳಗಲ 8 ಅಡಿ, ಅಂದರೆ 2.44 ಮೀಟರು. ಅಪ್ಪ ಕನಸು ಕಂಡಾಗ ಇದ್ದ ಫಿಯೆಟ್ಟು ಒಂದೂವರೆ ಮೀಟರಿಗಿಂತ ಕಡಿಮೆ ಅಗಲ. ಆಮೇಲೆ ಬಂದ ಮಾರುತಿಯೂ ಅಷ್ಟೆ. ಎರಡೂ ಬಾಗಿಲು ತೆಗೆದುಕೊಂಡು ಇಳಿಯಬಹುದಿತ್ತು. ಮಗನ ಕಾರು 1.8 ಮೀಟರು, ಕನ್ನಡಿಗಳು ಬೇರೆ. ಉಳಿಯುವುದು ಎರಡು ಪಕ್ಕಕ್ಕೂ ಸೇರಿ ಎರಡಡಿ. ಅವನು ಗೋಡೆಗೆ ಬೆನ್ನು ಹಚ್ಚಿ ನಿಂತು, ಇಲ್ಲದ ಕಾರಿನ ಬಾಗಿಲು ತೆಗೆದು, ಇಳಿಯಲು ನೋಡಿದ. ಎರಡು ಸಲ ಪ್ರಯತ್ನಿಸಿದ.

"ಕಾರು ಒಳಗೆ ಹೋಗುತ್ತಪ್ಪ," ಎಂದ. "ಇಳಿಯೋಕಾಗಲ್ಲ."

ಈಗ ಕಾರು ಗೇಟಿನೆದುರು ಬೀದಿಯಲ್ಲೇ ನಿಲ್ಲುತ್ತದೆ. ರಾತ್ರಿ ಹತ್ತರ ಮೇಲೆ ನನ್ನ ಕೋಣೆಯ ಕಿಟಕಿಯ ಸರಳಿನ ಸಂದಿನಿಂದ ವೈರು ಹೊರಗೆ ಹೋಗುತ್ತದೆ. ಎದುರು ಮನೆಯವರು, "ಮೇಷ್ಟ್ರೇ, ಕಾರಿಗೆ ಗ್ಲೂಕೋಸ್ ಹಾಕಿದ್ದೀರಾ?" ಎಂದು ಕೇಳುತ್ತಾರೆ. ವೈರಿಗೆ ಜಾಗ ಬಿಡಬೇಕಾಗಿರುವುದರಿಂದ ಕಿಟಕಿಯ ಒಂದು ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಅಲ್ಲಿಗೊಂದು ಸೊಳ್ಳೆ ಪರದೆ ಹೊಲಿಸಬೇಕು.